ಸಮೀಕರಣ ಸರಿದೂಗಿಸೋದು: ನಾನು ಟ್ಯೂಷನ್‌ನಲ್ಲಿ ಹೇಳ್ಕೊಡೋ ರೀತಿ

ಚಿಕ್ಕಮಗಳೂರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಳಿಗೆ ಸಂಜೆ ಹೊತ್ತು ಮನೇಲೇ ಕೆಮಿಸ್ಟ್ರಿ ಟ್ಯೂಷನ್ ತಗೋತೀನಿ. ಹತ್ತನೇ ಕ್ಲಾಸಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸೋ ಪಾಠ, ಅಂದ್ರೆ ಪ್ರತಿ ಧಾತುವಿನ ಪರಮಾಣು ಎಡಗಡೆ ಎಷ್ಟೋ ಬಲಗಡೆನೂ ಅಷ್ಟೇ ಬರೋ ಹಾಗೆ ಮುಂದೆ ನಂಬರ್ ಹಾಕೋದು, ವರ್ಷದ ಶುರುವಲ್ಲೇ ಬರುತ್ತೆ, ಮಕ್ಳು ಬರೋದೇ ಇದು ಅಂದಾಜಿನ ಆಟ, ಒಂದು ನಂಬರ್ ಹಾಕು, ಆಗ್ಲಿಲ್ವಾ ರಬ್ಬರಲ್ಲಿ ಅಳ್ಸು, ಇನ್ನೊಂದು ಹಾಕು ಅಂತ ತಲೇಲಿ ಇಟ್ಕೊಂಡು. ನಾನು ಹೇಳೋದು ಒಂದೇ, ಯಾವ ಧಾತುವನ್ನ ಮೊದ್ಲು ಮುಟ್ಬೇಕು ಯಾವುದನ್ನ ಕೊನೆಗೆ ಬಿಡ್ಬೇಕು ಅನ್ನೋ ಕ್ರಮ ಗೊತ್ತಿದ್ರೆ ರಬ್ಬರ್ ಬೇಕಾಗೋದೇ ಕಮ್ಮಿ.

ಕಾದ ಕಬ್ಬಿಣದ ಮೇಲೆ ನೀರಿನ ಹಬೆ ಹಾಯ್ಸಿದ್ರೆ ಮ್ಯಾಗ್ನೆಟೈಟ್ ಮತ್ತೆ ಹೈಡ್ರೋಜನ್ ಬರುತ್ತಲ್ಲ, ಅದನ್ನೇ ಮೊದಲ ದಿನ ತಗೋತೀನಿ. ಮ್ಯಾಗ್ನೆಟೈಟ್ ಅಂದ್ರೆ ನಮ್ಮ ಜಿಲ್ಲೆ ಮಕ್ಳಿಗೆ ಹೊಸ್ದಲ್ಲ, ಕುದುರೆಮುಖದಲ್ಲಿ 2005ರ ಕೊನೆವರೆಗೂ ಅಗೆದು, ಕೆಸರು ಮಾಡಿ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿದ್ದಿದ್ದು ಅದೇ ಅದಿರು. ಅದರಲ್ಲಿ ಕಬ್ಬಿಣ 3, ಆಕ್ಸಿಜನ್ 4. ಇಡೀ ಸಮೀಕರಣದಲ್ಲಿ ಅತಿ ದೊಡ್ಡ ಕುಟುಂಬ ಅದು, ಹಾಗಾಗಿ ಅಲ್ಲಿಂದ್ಲೇ ಶುರು. ಆಕ್ಸಿಜನ್ 4 ಬೇಕು, ಅದು ಬರೋದು ನೀರಿಂದ ಮಾತ್ರ, ನೀರಿನ ಮುಂದೆ 4 ಹಾಕು. ಈಗ ಎಡಗಡೆ ಹೈಡ್ರೋಜನ್ 8 ಆಯ್ತು, ಬಲಗಡೆ ಹೈಡ್ರೋಜನ್ ಅಣು 4. ಕಬ್ಬಿಣ ಒಂಟಿ, ಅದಕ್ಕೆ 3. ಮುಗೀತು. ಒಂಟಿಯಾಗಿರೋ ಕಬ್ಬಿಣ, ಹೈಡ್ರೋಜನ್ ಇವನ್ನ ಯಾಕೆ ಕೊನೆಗೆ ಬಿಟ್ವಿ ಅಂದ್ರೆ ಅವುಗಳ ಮುಂದಿನ ನಂಬರ್ ಬದಲಾಯಿಸಿದ್ರೆ ಬೇರೆ ಯಾರ ಲೆಕ್ಕಾನೂ ಕೆಡಲ್ಲ. ನೀರಿನ ನಂಬರ್ ಮುಟ್ಟಿದ್ರೆ ಎರಡು ಲೆಕ್ಕ ಅಲ್ಲಾಡುತ್ತೆ.

ಕೆಳಗಡೆ ಬರೆಯೋ ಚಿಕ್ಕ ನಂಬರ್ ಮುಟ್ಟಂಗಿಲ್ಲ ಅನ್ನೋದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಆಕ್ಸಿಜನ್ ಒಂದು ಕಮ್ಮಿ ಬಿತ್ತು ಅಂತ ನೀರಿನ ಆಕ್ಸಿಜನ್‌ಗೆ ಒಂದು ಪುಟ್ಟ 2 ಅಂಟಿಸಿದ್ರೆ ಅದು ನೀರೇ ಅಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯೋಕೆ ಬಳಸ್ತಾರಲ್ಲ ಅದು.

ಗ್ಯಾಸ್ ಸಿಲಿಂಡರಿನ ಬ್ಯೂಟೇನ್ ಉರಿಯೋದು ಎರಡನೇ ಪಾಠ. ಕಾರ್ಬನ್ 4, ಅದಕ್ಕೆ ಕಾರ್ಬನ್ ಡೈಆಕ್ಸೈಡ್ 4, ಹೈಡ್ರೋಜನ್ 10, ಅದಕ್ಕೆ ನೀರು 5, ಬಲಗಡೆ ಆಕ್ಸಿಜನ್ ಎಣಿಸಿದ್ರೆ 13. ಜೋಡಿ ಜೋಡಿಯಾಗಿ ಇರೋ ಆಕ್ಸಿಜನ್‌ನಿಂದ 13 ಹೆಂಗೆ ತರೋದು ಅಂತ ಪೆನ್ನು ಕಚ್ತಾ ಕೂರ್ತಾರೆ. ಆರೂವರೆ ಅಂತ ಧೈರ್ಯವಾಗಿ ಬರಿ, ಆಮೇಲೆ ಎಲ್ಲದನ್ನೂ ಎರಡರಿಂದ ಗುಣಿಸು: 2, 13, 8, 10.

ಇಲ್ಲಿವರೆಗೂ ಎಲ್ಲ ಸಲೀಸು. ನಿಜವಾದ ಗೊಂದಲ ಬರೋದು ಬೋರ್ಡೋ ದ್ರಾವಣದ ವಿಷಯಕ್ಕೆ, ತೋಟಕ್ಕೆ ಶಿಲೀಂಧ್ರ ರೋಗ ಬರದ ಹಾಗೆ ಸಿಂಪಡಿಸ್ತಾರಲ್ಲ ಅದು. ಕಾಫಿ, ಅಡಿಕೆ ತೋಟದ ಮಕ್ಳೇ ಜಾಸ್ತಿ ಬರೋದ್ರಿಂದ ಮೈಲುತುತ್ತ ಪ್ಲಸ್ ಸುಣ್ಣ ಅಂತ ಬೋರ್ಡ್ ಮೇಲೆ ಬರೆದ ತಕ್ಷಣ ಎಲ್ರೂ ನೆಟ್ಟಗೆ ಕೂರ್ತಾರೆ. ತಾಮ್ರದ ಸಲ್ಫೇಟು, ಅರಳಿದ ಸುಣ್ಣ, ಆ ಕಡೆ ತಾಮ್ರದ ಹೈಡ್ರಾಕ್ಸೈಡು, ಕ್ಯಾಲ್ಸಿಯಂ ಸಲ್ಫೇಟು. ಡ್ರಮ್ಮಲ್ಲಿ ಆಗೋದು ಇದಕ್ಕಿಂತ ಸಿಕ್ಕುಸಿಕ್ಕು, ಆದ್ರೆ ನಮ್ಮ ಲೆಕ್ಕಕ್ಕೆ ಇಷ್ಟು ಸಾಕು. ಎಣಿಸಿ ನೋಡಿದ್ರೆ ಏನೂ ಮಾಡೋ ಹಾಗೇ ಇಲ್ಲ, ಎಲ್ಲ ಒಂದಕ್ಕೆ ಒಂದು. ಒಬ್ಬ ಹುಡುಗ ತಕ್ಷಣ, "ಮಿಸ್, ಅದಕ್ಕೇ ನಮ್ಮಪ್ಪ ಒಂದು ಕೆಜಿ ತುತ್ತಕ್ಕೆ ಒಂದು ಕೆಜಿ ಸುಣ್ಣ ಹಾಕ್ತಾರೆ, ನೂರು ಲೀಟರ್ ನೀರಿಗೆ" ಅಂದ. ಕೇಳೋಕೆ ಎಷ್ಟು ಚೆಂದ ನೋಡಿ, ಆದ್ರೆ ಸಂಬಂಧವೇ ಇಲ್ಲ!

ಸಮೀಕರಣದ ಒಂದಕ್ಕೆ ಒಂದು ಅಂದ್ರೆ ಕಣದ ಲೆಕ್ಕ, ತಕ್ಕಡಿ ಲೆಕ್ಕ ಅಲ್ಲ. ಮೈಲುತುತ್ತದ ಹರಳಲ್ಲಿ ಪ್ರತಿ ತಾಮ್ರದ ಜೊತೆ ಐದು ನೀರಿನ ಅಣು ಕೂತಿರುತ್ತೆ, ಹಾಗಾಗಿ ಅದರ ಒಂದು ಮೋಲ್ (ಡಜನ್ ಇದ್ದ ಹಾಗೆ, ಕಣಗಳ ಒಂದು ಗೊತ್ತಾದ ಎಣಿಕೆ) ತೂಗೋದು ಹತ್ರಹತ್ರ 250 ಗ್ರಾಂ, ಅರಳಿದ ಸುಣ್ಣದ ಮೋಲ್ ಬರೀ 74. ಅಂದ್ರೆ ಒಂದು ಕೆಜಿ ತುತ್ತಕ್ಕೆ ಸಮೀಕರಣ ಕೇಳೋ ಸುಣ್ಣ ಸುಮಾರು 300 ಗ್ರಾಂ ಮಾತ್ರ. ಹಂಗಾದ್ರೆ ಅಪ್ಪ ಮೂರು ಪಟ್ಟು ಯಾಕೆ ಹಾಕ್ತಾರೆ? ಪೇಟೇಲಿ ಸಿಗೋ ಸುಣ್ಣ ಶುದ್ಧ ಇರಲ್ಲ, ಗಾಳಿಗೆ ಬಿಟ್ಟಿದ್ರೆ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಸತ್ತುಹೋಗಿರುತ್ತೆ, ಮತ್ತೆ ತಾಮ್ರ ಬಿಡಿಯಾಗಿ ಉಳಿದ್ರೆ ಎಲೆ ಸುಟ್ಟೋಗುತ್ತೆ, ಸುಣ್ಣ ಹೆಚ್ಚಾದ್ರೆ ಅಂಥಾ ತೊಂದ್ರೆ ಇಲ್ಲ. ಡ್ರಮ್ಮಿಗೆ ಕತ್ತಿ ಅದ್ದಿ ನೋಡ್ತಾರಲ್ಲ, ಅಲಗಿನ ಮೇಲೆ ಕೆಂಪು ಕೂತ್ರೆ ಇನ್ನೂ ಸ್ವಲ್ಪ ಸುಣ್ಣ ಹಾಕು ಅಂತ, ಅದೂ ಪುಸ್ತಕದಲ್ಲಿ ಇರೋ ಸ್ಥಾನಪಲ್ಲಟ ಕ್ರಿಯೆನೇ, ಕಬ್ಬಿಣ ಕರಗಿ ತಾಮ್ರ ಹೊರಗೆ ಬಂತು. ಇದನ್ನ ಹೇಳಿದ ದಿನ ಮೋಲ್ ಅನ್ನೋ ಪದಕ್ಕೆ ಹೆದರೋರು ಕಮ್ಮಿ ಆಗ್ತಾರೆ, ಪರೀಕ್ಷೇಲಿ ಇದು ಬರಲ್ಲ ಅನ್ನೋದು ಬೇರೆ ಮಾತು.

ಪಿಯುಸಿ ಮಕ್ಳಿಗೆ ನಾನು ಬೇಕಂತಲೇ ಕೊಡೋದು ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಸಲ್ಫ್ಯೂರಿಕ್ ಆಸಿಡ್ ಮತ್ತೆ ಅದೇ ಹೈಡ್ರೋಜನ್ ಪೆರಾಕ್ಸೈಡ್. ಇದರಲ್ಲಿ ಎಣಿಕೆ ಒಂದನ್ನೇ ನಂಬ್ಕೊಂಡ್ರೆ ಮೋಸ ಹೋಗ್ತೀವಿ. ಪರ್ಮ್ಯಾಂಗನೇಟ್ 2, ಆಸಿಡ್ 3, ಪೆರಾಕ್ಸೈಡ್ 1 ಹಾಕಿ, ಬಲಗಡೆ ಪೊಟ್ಯಾಸಿಯಂ ಸಲ್ಫೇಟ್ 1, ಮ್ಯಾಂಗನೀಸ್ ಸಲ್ಫೇಟ್ 2, ನೀರು 4, ಆಕ್ಸಿಜನ್ 3 ಬರೆದ್ರೆ ಎಲ್ಲ ಪರಮಾಣು ಸರಿಹೋಗುತ್ತೆ. ಪೆರಾಕ್ಸೈಡ್ 3, ನೀರು 6, ಆಕ್ಸಿಜನ್ 4 ಮಾಡಿ, ಅದೂ ಸರಿ. ಪೆರಾಕ್ಸೈಡ್ 5, ನೀರು 8, ಆಕ್ಸಿಜನ್ 5, ಅದೂ ಸರಿ. ಮೂವರು ಮಕ್ಳು ಮೂರು ಉತ್ತರ ತಂದು ನಂದೇ ಕರೆಕ್ಟು ಅಂತ ಜಗಳಕ್ಕೆ ನಿಲ್ತಾರೆ, ನಾನು ಸ್ವಲ್ಪ ಹೊತ್ತು ಬಿಟ್ಟು ಮಜಾ ನೋಡ್ತೀನಿ. ಸರಿ ಇರೋದು ಕೊನೇದು ಮಾತ್ರ. ಮ್ಯಾಂಗನೀಸಿನ ಉತ್ಕರ್ಷಣ ಸಂಖ್ಯೆ (ಎಷ್ಟು ಎಲೆಕ್ಟ್ರಾನ್ ಕಳ್ಕೊಂಡ ಹಾಗೆ ಅನ್ನೋ ಲೆಕ್ಕ) +7ರಿಂದ +2ಕ್ಕೆ ಇಳಿಯೋವಾಗ ಅದು 5 ಎಲೆಕ್ಟ್ರಾನ್ ತಗೊಳ್ಳುತ್ತೆ, ಒಂದು ಪೆರಾಕ್ಸೈಡ್ ಅಣು ಆಕ್ಸಿಜನ್ ಆಗೋವಾಗ ಕೊಡೋದು 2, ಹಾಗಾಗಿ 2ಕ್ಕೆ 5 ಅಂತಲೇ ಇರ್ಬೇಕು. ಹೊರಗೆ ಬರೋ ಆಕ್ಸಿಜನ್ ಪೂರ್ತಿ ಪೆರಾಕ್ಸೈಡಿಂದಲೇ ಬರೋದು, ಅದಕ್ಕೆ ಆ ಎರಡರ ಮುಂದಿನ ನಂಬರ್ ಒಂದೇ ಆಗಿರ್ಬೇಕು, ಬೇಗ ಚೆಕ್ ಮಾಡೋಕೆ ಇಷ್ಟು ನೋಡಿದ್ರೆ ಆಯ್ತು.

ಮ್ಯಾತ್ಸ್ ಇಷ್ಟಪಡೋರು ಕೇಳ್ತಾರೆ, ಎ ಬಿ ಸಿ ಅಂತ ಅಕ್ಷರ ಇಟ್ಟು ಬೀಜಗಣಿತದಲ್ಲಿ ಬಿಡಿಸಿದ್ರೆ ಆಗಲ್ವಾ ಅಂತ. ಬೇರೆ ಕಡೆ ಚೆನ್ನಾಗೇ ಆಗುತ್ತೆ, ಇಲ್ಲಿ ಅಕ್ಷರ ಏಳು, ಧಾತು ಐದೇ, ಒಂದು ಅಕ್ಷರಕ್ಕೆ ನಾವೇ 1 ಅಂತ ಇಟ್ಕೊಂಡ್ರೂ ಇನ್ನೂ ಒಂದು ಸಮೀಕರಣ ಕೊರತೆ ಬೀಳುತ್ತೆ. ಎಲೆಕ್ಟ್ರಾನ್ ಲೆಕ್ಕದಿಂದ ಆ ಒಂದನ್ನ ತಂದು ಸೇರಿಸಿ, ಪರ್ಮ್ಯಾಂಗನೇಟಿನ ಐದು ಪಟ್ಟು ಅಂದ್ರೆ ಪೆರಾಕ್ಸೈಡಿನ ಎರಡು ಪಟ್ಟು ಅಂತ, ಆಮೇಲೆ ಬರೋ ಉತ್ತರ ಒಂದೇ.