ಆರ್‌ಪಿಜಿ ಗೇಮ್‌ಗಳಿಗೆ ರ‍್ಯಾಂಕ್ ಕೊಡೋದು ಹೇಗೆ ಮಾರ್ರೆ

ಆರ್‌ಪಿಜಿ ಅಂದ್ರೆ ರೋಲ್ ಪ್ಲೇಯಿಂಗ್ ಗೇಮ್, ನಾವೇ ಕಥೆಯ ಒಂದು ಪಾತ್ರ ಆಗಿ ಆಡೋದು. ಮೊದ್ಲು ಒಂದು ವಿಷಯ, ಮುಗಿಸದ ಗೇಮನ್ನು ಲಿಸ್ಟಿಗೆ ಹಾಕ್ಲಿಕ್ಕೆ ಹೋಗ್ಬೇಡಿ. ನಾನು ಸ್ಕೈರಿಮ್ (2011) ಮೂರು ಸಲ ಶುರು ಮಾಡಿದ್ದೇನೆ, ಮೂರು ಸಲವೂ ಡ್ರ್ಯಾಗನ್ ಬಿಟ್ಟು ಗುಡ್ಡೆ ಸುತ್ತಿ ಸೊಪ್ಪು ಕೊಯ್ದದ್ದೇ ಆಯ್ತು, ಹಾಗಾಗಿ ಅದು ನನ್ನ ಲಿಸ್ಟಲ್ಲಿ ಇಲ್ಲ, ಬೈಯೋರು ಬೈಲಿ.

ಮಾರ್ಕ್ಸ್ ಕೊಡೋದೂ ಬೇಡ, ಹತ್ತಕ್ಕೆ ಎಂಟೂವರೆ ಅಂದ್ರೆ ಎಂತ ಅರ್ಥ? ಎರಡೆರಡು ಗೇಮ್ ಎದುರೆದುರು ಇಟ್ಟು ಒಂದೇ ಪ್ರಶ್ನೆ ಕೇಳಿ. ಜುಲೈ ತಿಂಗಳು, ಮಂಗಳೂರಲ್ಲಿ ಜೋರು ಮಳೆ, ಡಿಸಿ ರಜೆ ಕೊಟ್ಟಾಯ್ತು, ಕರೆಂಟ್ ಇಲ್ಲ, ಲ್ಯಾಪ್‌ಟಾಪಲ್ಲಿ ಎರಡು ಗಂಟೆ ಚಾರ್ಜ್ ಉಂಟು, ಯಾವ್ದು ಹಾಕ್ತೀರಿ? ಅದು ಮೇಲೆ.

ನಂಗೆ ವಿಚರ್ 3 (2015) ಮೊದಲನೇದು ಬಂತು. ಅದ್ರಲ್ಲಿ ಆ ಬ್ಯಾರನ್ ಕಥೆ ಉಂಟಲ್ಲ, ಕುಡಿದು ಹೆಂಡ್ತಿಗೆ ಹೊಡೆದು ಮನೆ ಹಾಳು ಮಾಡಿಕೊಂಡವ, ಅವನ ಮೇಲೆ ಸಿಟ್ಟೂ ಬರ್ತದೆ, ಪಾಪ ಅಂತಲೂ ಅನಿಸ್ತದೆ, ಎಂತ ಚಾಯ್ಸ್ ಮಾಡಿದ್ರೂ ರಾತ್ರಿ ನಿದ್ದೆ ಇಲ್ಲ. ಎರಡನೇದು 1995ರ ಕ್ರೋನೋ ಟ್ರಿಗರ್, ಹಳೇದು ಅಂತ ಬಿಡ್ಬೇಡಿ, ಟೈಮ್ ಟ್ರಾವೆಲ್ ಕಥೆ, ಎಂಡಿಂಗೇ ಹತ್ತಕ್ಕಿಂತ ಜಾಸ್ತಿ. ಮೂರನೇದು ಬಾಲ್ಡರ್ಸ್ ಗೇಟ್ 3 (2023), ಅದ್ರಲ್ಲಿ ಯಾರನ್ನಾದ್ರೂ ಮಾತಲ್ಲಿ ಒಪ್ಪಿಸ್ಲಿಕ್ಕೂ ದಾಳ ಹಾಕ್ಬೇಕು, ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ರೆ ಎಷ್ಟು ಚಂದ ಮಾತಾಡಿದ್ರೂ ಕೆಲ್ಸ ಕೆಟ್ಟಿತು ಅಂತ್ಲೇ.

ಚಿಕ್ಕಂದಿನಲ್ಲಿ ಆಡಿದ್ದಾದ್ರೆ ಲಿಸ್ಟಿಗೆ ಹಾಕುವ ಮೊದ್ಲು ಈಗೊಮ್ಮೆ ಒಂದು ಗಂಟೆ ಆಡಿ ನೋಡಿ. ನನ್ನ ಎರಡು ಗೇಮ್ ಅಲ್ಲೇ ಔಟ್.