ಅಗರ್ ಬದಲು ಇಸಬ್ಗೋಲ್

ಕಲಬುರಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಳೆಯ ಟಿಶ್ಯೂ ಕಲ್ಚರ್ ಮಾಡುತ್ತೇನೆ, ಅಂದರೆ ಬಾಳೆಯ ಸಣ್ಣ ಚೂರನ್ನು ಬಾಟಲಿಯಲ್ಲಿಟ್ಟು ಸಸಿ ಬೆಳೆಸುವುದು. ಒಂದು ಸಲಕ್ಕೆ ಇಪ್ಪತ್ತು ಬಾಟಲಿ, ಅಷ್ಟೇ. ದುಡ್ಡು ತಿನ್ನುವುದು ಅಗರ್, ಬಾಟಲಿಯ ಪೋಷಕ ನೀರನ್ನು ಗಟ್ಟಿ ಮಾಡುವ ಕಡಲ ಪಾಚಿಯ ಪುಡಿ. ಅದಕ್ಕೇ ಇಸಬ್ಗೋಲ್ ಹಿಡಿದೆ. ಹೊಟ್ಟೆ ಕಟ್ಟಿದಾಗ ಅಜ್ಜ ರಾತ್ರಿ ನೀರಿಗೆ ಹಾಕಿ ಕುಡಿಯುತ್ತಿದ್ದರಲ್ಲ, ಅದೇ.

ಸೂಪರ್ ಮಾರ್ಕೆಟ್ ಕಡೆ ಕಿರಾಣಿ ಅಂಗಡಿಯಲ್ಲಿ ತೂಕಕ್ಕೆ ತಗೊಳ್ಳಿ. ಮೆಡಿಕಲ್‌ನ ಕಿತ್ತಳೆ ರುಚಿಯ ಡಬ್ಬಿ ಬೇಡ, ಅದರಲ್ಲಿ ಸಕ್ಕರೆ, ಹುಳಿ ಏನೇನೋ ಇರುತ್ತದೆ. ಅರ್ಧ ಲೀಟರ್‌ಗೆ 15 ಗ್ರಾಂ ಬೇಕು. ಅಗರ್ ಆದರೆ 4 ಗ್ರಾಂ ಸಾಕು. ಹಾಗಾಗಿ ಕಿಲೋ ದರ ನೋಡಿ ಹಿಗ್ಗಬೇಡಿ. ಲ್ಯಾಬ್ ಅಗರ್‌ಗಿಂತ ಉಳಿತಾಯ ಇದೆ, ಆದರೆ ಅಂದುಕೊಂಡಷ್ಟಲ್ಲ.

ಮೊದಲ ಸಲ ಕುದಿಯುವ ನೀರಿಗೆ ಸುಮ್ನೆ ಸುರಿದೆ. ಗಂಟು ಗಂಟು, ಕೆಟ್ಟ ಅಂಬಲಿ! ಈಗ ಹೀಗೆ ಮಾಡುತ್ತೇನೆ. ಇಸಬ್ಗೋಲ್ ಹೊಟ್ಟನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, 15 ಗ್ರಾಂ ಸಕ್ಕರೆಯಲ್ಲಿ ಒಣದಾಗಿಯೇ ಕಲಸಿಡುತ್ತೇನೆ. ಅಡುಗೆಮನೆ ಸಕ್ಕರೆಯೇ ನಡೆಯುತ್ತದೆ. ನೀರು ಮಾತ್ರ ಡಿಸ್ಟಿಲ್ಡ್, ನಮ್ಮ ಬೋರ್ ನೀರಲ್ಲಿ ಸುಣ್ಣ ಜಾಸ್ತಿ. ಅದಕ್ಕೆ ಎಂಎಸ್ ಪುಡಿ (ಗಿಡಕ್ಕೆ ಬೇಕಾದ ಲವಣಗಳ ಮಿಶ್ರಣ), ಚಿಗುರು-ಬೇರು ಬರಿಸುವ ಹಾರ್ಮೋನ್ ಹಾಕಿ ಪಿಎಚ್, ಅಂದರೆ ಹುಳಿಯ ಅಳತೆ, 5.8ಕ್ಕೆ ತರುತ್ತೇನೆ. ಇದು ಇಸಬ್ಗೋಲ್‌ಗಿಂತ ಮೊದಲೇ ಆಗಬೇಕು. ಲೋಳೆಯಾದ ಮೇಲೆ ಮೀಟರ್ ತೊಳೆಯುವುದೇ ಒಂದು ಕೆಲಸ.

ಆಮೇಲೆ ಅದೇ ತಣ್ಣನೆ ನೀರನ್ನು ಜೋರಾಗಿ ತಿರುವುತ್ತಾ ಪುಡಿ ಉದುರಿಸಿ. ತಡಮಾಡದೆ ಬಾಟಲಿಗೆ 25 ಮಿಲಿಯಂತೆ ಹಾಕಿ. ಎರಡು ನಿಮಿಷ ಮಾತಾಡುತ್ತಾ ನಿಂತರೆ ಸೌಟಿಗೇ ಅಂಟಿಕೊಂಡಿರುತ್ತದೆ.

ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ದೊಡ್ಡ ಕುಕ್ಕರಿನಲ್ಲಿಡಿ. ಮದುವೆಗೆ ತೊಗರಿ ಬೇಳೆ ಬೇಯಿಸಲು ತಂದ ಕುಕ್ಕರ್ ನಮ್ಮದು. ಮೊದಲ ಸೀಟಿಯ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ. ಒತ್ತಡ ತಾನಾಗಿ ಇಳಿಯಲಿ. ಹೊರತೆಗೆದು ಮುಚ್ಚಳ ಬಿಗಿಮಾಡಿ, ಬಿಸಿಯಿರುವಾಗಲೇ ಒಮ್ಮೆ ಅಲ್ಲಾಡಿಸಿ, ಇಲ್ಲದಿದ್ದರೆ ಪುಡಿ ತಳದಲ್ಲೇ ಕೂರುತ್ತದೆ. ಆರಿದ ಮೇಲೆ ಬಾಟಲಿ ವಾಲಿಸಿ ನೋಡಿ. ಜಾರದಿದ್ದರೆ ಸರಿ. ಬಣ್ಣ ಸ್ವಲ್ಪ ಮಂಕು, ಆದರೂ ಬೇರು ಕಾಣುತ್ತದೆ.

ಸಾಬುದಾಣಿಯನ್ನೂ ನೋಡಿದೆ. ಅಗ್ಗ, ಆದರೆ ಹಾಲಿನಂತೆ ಬಿಳಿ. ಬೂಸ್ಟು ಬಂದದ್ದೇ ಗೊತ್ತಾಗಲಿಲ್ಲ. ವಾರಗಳು ಕಳೆದಂತೆ ನೀರಾಗುತ್ತಾ ಬಂತು, ಗಿಡವೇ ಅದರ ಪಿಷ್ಟವನ್ನು ಕರಗಿಸುತ್ತದೆ. ನನಗೆ ಬೇಡವೆನಿಸಿತು.

ಸಸಿ ಹೊರತೆಗೆಯುವಾಗ ಬೇರಿಗೆ ಅಂಟಿದ ಲೋಳೆಯನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬೆರಳಿಂದ ಮೆಲ್ಲಗೆ ಬಿಡಿಸಿ. ಅದರಲ್ಲಿ ಸಕ್ಕರೆ ಇದೆಯಲ್ವಾ, ಉಳಿದರೆ ಕುಂಡದಲ್ಲಿ ಬೂಸ್ಟು ಗ್ಯಾರಂಟಿ.