ಸೆಬಟುವಿನ ಬುಗ್ಗೆಗಳಲ್ಲಿ ತೀರ್ಥಸ್ನಾನ: ನನ್ನ ಅನುಭವ

ಪ್ರಸಿದ್ಧ ಬುಗ್ಗೆ ದೇವಾಲಯವಾದ ತೀರ್ತ ಎಂಪುಲ್‌ನಲ್ಲಿ ಮೀಯದೆ ಬಾಲಿಯಲ್ಲಿ ಮೆಲುಕತ್, ಅಂದರೆ ಶುದ್ಧಿಗಾಗಿ ಮಾಡುವ ತೀರ್ಥಸ್ನಾನ, ಪೂರ್ಣವಾಗದು ಎಂದು ವಾದಿಸಿದ ಗೆಳೆಯರಿಗೂ, ಎಪ್ಪತ್ತು ದಾಟಿದ ತಾಯಿಯನ್ನು ಕರೆದುಕೊಂಡು ಹೋಗಿ ಮಾಡಿಸುವ ಕೆಲಸ ಅದಲ್ಲ ಎಂದ ಬಂಧುಗಳಿಗೂ ಈಗ ಧೈರ್ಯವಾಗಿ ಉತ್ತರಿಸಬಲ್ಲೆ. ತೆಗಲಲಾಂಗ್ ಕಡೆಯ ಸೆಬಟು ಗ್ರಾಮದ ಗುನುಂಗ್ ಕಾವಿ ದೇವಾಲಯದಲ್ಲಿ ಅದು ಸೊಗಸಾಗಿ ನೆರವೇರಿತು.

ತೀರ್ತ ಎಂಪುಲ್‌ನ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಇತಿಹಾಸ ಕ್ರಿ.ಶ. 962ಕ್ಕೆ ಹೋಗುತ್ತದೆ, ಇಂದ್ರನೇ ನೆಲ ತಿವಿದು ನೀರು ಹೊರಡಿಸಿದನೆಂಬ ಐತಿಹ್ಯವೂ ಇದೆ. ಆದರೆ ಒಂದು ಪ್ರವಾಸ ಸಂಸ್ಥೆಯ ಮೂಲಕ ಹೋದಾಗ ನಾವು ತಲುಪಿದ್ದೇ ಹನ್ನೊಂದಕ್ಕೆ. ಪ್ರತಿ ಧಾರೆಯ ಮುಂದೆಯೂ ಸರದಿಯಿತ್ತು, ಸೊಂಟದವರೆಗಿನ ತಣ್ಣೀರಿನಲ್ಲಿ ಮುಕ್ಕಾಲು ಗಂಟೆ ನಿಂತ ತಾಯಿಗೆ ನಡುಕ ಹತ್ತಿತು, ಸುಮಾರು ಐದು ಸಾವಿರ ರೂಪಾಯಿ ಖರ್ಚಾಗಿ ಅರ್ಧಕ್ಕೇ ಮರಳಬೇಕಾಯಿತು. ಇನ್ನೊಮ್ಮೆ ನಾನು ‘ಗುನುಂಗ್ ಕಾವಿ’ ಎಂದೊಡನೆ ಚಾಲಕನು ಅದೇ ಹೆಸರಿನ ತಂಪಕ್‌ಸಿರಿಂಗ್‌ನ ಬಂಡೆಗುಡಿಗಳ ಮುಂದೆ ಇಳಿಸಿದ. ಹನ್ನೊಂದನೆಯ ಶತಮಾನದ ಆ ಶಿಲ್ಪ ಅದ್ಭುತವೇ, ಆದರೆ ಮುನ್ನೂರರ ಸಮೀಪದ ಮೆಟ್ಟಿಲುಗಳು ಮಂಡಿನೋವಿನವರಿಗಲ್ಲ. ‘ಸೆಬಟು’ ಎಂದು ಒತ್ತಿ ಹೇಳಿ, ನಕಾಶೆಯಲ್ಲಿ ತೋರಿಸಿಯೇ ಹೊರಡಿರಿ.

ಈ ಬಾರಿ ಕಾರನ್ನು ನಾನೇ ಗೊತ್ತುಮಾಡಿದೆ. ಅರ್ಧ ದಿನಕ್ಕೆ ನಾಲ್ಕು ಲಕ್ಷ ರುಪಿಯಾ, ಅಂದರೆ ಎರಡು ಸಾವಿರ ರೂಪಾಯಿಗೆ ತುಸು ಹೆಚ್ಚು. ಪ್ರವೇಶಕ್ಕೆ ತಲೆಗೆ ನೂರೈವತ್ತು ರೂಪಾಯಿಯ ಆಸುಪಾಸು ಆಯಿತು. ಬಾಗಿಲು ತೆರೆಯುವ ಹೊತ್ತಿಗೇ ಒಳಗಿದ್ದೆವು. ಮೀನುಕೊಳಗಳು, ಹಸಿರು ಇಳಿಜಾರು, ಬುಗ್ಗೆಯಿಂದ ಸದಾ ಸುರಿಯುವ ಧಾರೆಗಳು, ಊರಿನ ಕೆಲವೇ ಜನ. ಮೊದಲು ಚನಂಗ್ ಸಾರಿ ಎಂಬ ಎಲೆಬುಟ್ಟಿಯ ಹೂಕಾಣಿಕೆ ಅರ್ಪಿಸಿ ಪ್ರಾರ್ಥಿಸಿದೆವು. ಬಳಿಕ ಅರ್ಚಕರಾದ ಪೆಮಾಂಗ್ಕುವಿನ ಅನುಮತಿ ಪಡೆದು, ಅವರು ತೋರಿದ ಕ್ರಮದಲ್ಲೇ ತಾಯಿ ಧಾರೆಗೆ ತಲೆಯೊಡ್ಡಿದರು. ಕೊನೆಗೆ ತೀರ್ಥ ಪ್ರೋಕ್ಷಿಸಿ ಹಣೆಗೆ ಒದ್ದೆ ಅಕ್ಕಿ ಹಚ್ಚಿದಾಗ, ಇದು ನಮ್ಮ ಅಕ್ಷತೆಯೇ ಎಂದು ತಾಯಿ ಹಿಗ್ಗಿದರು. ನಾನು ಆರಿಸಿಕೊಂಡ ವಾರವನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ನೆಮ್ಮದಿ ಉಳಿಯದು. ಹುಣ್ಣಿಮೆಯಂದೂ ಒಮ್ಮೆ ಹೋಗಿ ನೋಡಿದ್ದೇನೆ. ಅಂದು ಊರಿನವರೇ ತುಂಬಿರುತ್ತಾರೆ; ನೀರಿನ ಮೊದಲ ಹಕ್ಕು ಅವರದು, ನಾವು ಕೈಮುಗಿದು ಕೂರುವುದೇ ಸರಿ.

ಉಡುಗೆಯ ಬಗೆಗೂ ಪ್ರಯೋಗ ನಡೆಸಿದೆ. ಊರಿನಿಂದ ಒಯ್ದ ಬಿಳಿ ಪಂಚೆ ಒದ್ದೆಯಾದೊಡನೆ ಮೈ ಕಾಣಿಸಿ ನಿರುಪಯುಕ್ತವಾಯಿತು; ಗಾಢ ಬಣ್ಣದ ದಪ್ಪ ಹತ್ತಿಲುಂಗಿಯ ಮೇಲೆ ಅಲ್ಲಿನ ಸೊಂಟಪಟ್ಟಿ ಬಿಗಿದಾಗ ಯಾರೂ ಆಕ್ಷೇಪಿಸಲಿಲ್ಲ. ಒಣಗಿದ ಇನ್ನೊಂದು ಜೊತೆ ಮಾತ್ರ ಕಾರಿನಲ್ಲಿರಲಿ.